ಯಶ್ಮಿತಾಳ ಪಾಲಿನ ಅಕ್ಕಿ

"ಮಗಳನ್ನ ಕರ್ಕೊಂಡು ಬರ್ರಿ," ಎಂದಳು ಕೌಂಟರಿನ ಹುಡುಗಿ, ಕಂಪ್ಯೂಟರಿನಿಂದ ಕಣ್ಣು ತೆಗೆಯದೆ. "ರೇಷನ್ ಕಾರ್ಡಿನಾಗ ಮೂರು ಮಂದಿ ಇದ್ದೀರಿ. ನಿಮ್ಮ ಬೆರಳು ಆಗೇದ, ನಿಮ್ಮ ಯಜಮಾನ್ರು ಚೆನ್ನಪ್ಪಂದೂ ಆಗೇದ. ಯಶ್ಮಿತಾಂದು ಮಾತ್ರ ಆಗಿಲ್ಲ. ಅದಕ್ಕ ನಿಮ್ಮ ರೊಕ್ಕ ನಿಂತದ."

ಹಂಪನಕಟ್ಟೆಯ ಆ ಕಚೇರಿಯ ಮೆಟ್ಟಿಲು ಹತ್ತಿದ ಏದುಸಿರು ದೇಯಿಗೆ ಇನ್ನೂ ನಿಂತಿರಲಿಲ್ಲ. ಮನೆಯ ಯಜಮಾನಿ ಅಂತ ಸರ್ಕಾರ ಕೊಡುವ ಎರಡು ಸಾವಿರ ಬಾರದೆ ಆರು ತಿಂಗಳಾಗಿತ್ತು. ಅವಳ ಎಡಗಣ್ಣು ಹೋಗಿ ಆಯಿತು. ಬಲಗಣ್ಣು ಉಳಿಯಬೇಕಾದರೆ ತಿಂಗಳಿಗೊಂದು ಇಂಜೆಕ್ಷನ್ ಬೇಕು, ಅದು ಆ ಹಣದಿಂದಲೇ ನಡೆಯುತ್ತಿತ್ತು. ಹಣ ನಿಂತ ಮೇಲೆ ಇಂಜೆಕ್ಷನ್ನೂ ನಿಂತಿತು. ಈಗ ಬಸ್ಸಿನ ಬೋರ್ಡು ಕಾಣುವುದಿಲ್ಲ, ಕಂಡಕ್ಟರನ ಬೊಬ್ಬೆ ಕೇಳಿಯೇ ಹತ್ತುವುದು.

ಮಗಳನ್ನು ಕರೆದುಕೊಂಡು ಬರಬೇಕಂತೆ! ಎಲ್ಲಿಂದ? ಯಶ್ಮಿತಾ ಹನ್ನೊಂದನೇ ವರ್ಷಕ್ಕೆ ಜ್ವರ ಬಂದು ಪಡೀಲಿನ ಬಾಡಿಗೆ ಮನೆಯಲ್ಲೇ ಹೋದವಳು. ರಿಕ್ಷಾ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಮರಣ ಬರೆಸಬೇಕು, ಕಾರ್ಡಿನಿಂದ ಹೆಸರು ತೆಗೆಸಬೇಕು ಎಂದು ಆ ಹೊತ್ತಿಗೆ ಯಾವ ತಾಯಿಗೆ ಹೊಳೆಯುತ್ತದೆ? ಆಮೇಲೆ ಹೊಳೆದಾಗ ಮನಸ್ಸು ಬರಲಿಲ್ಲ. ತಿಂಗಳು ತಿಂಗಳು ಅವಳ ಪಾಲಿನ ಐದು ಕಿಲೋ ಅಕ್ಕಿ ಬರುತ್ತಲೇ ಇತ್ತು. ಸತ್ತವರಿಗೆ ಬಡಿಸುವ ಆಟಿ ಅಮಾವಾಸ್ಯೆಗೆ ಪ್ರತಿ ವರ್ಷ ದೇಯಿ ಆ ಅಕ್ಕಿಯದ್ದೇ ಅನ್ನ ಮಾಡಿ, ಒಳಗಿನ ಕೋಣೆಯಲ್ಲಿ ಮಗಳಿಗೊಂದು ಎಲೆ ಹಾಕಿ ಬಡಿಸಿ, ಬಾಗಿಲು ಎಳೆದು ಹೊರಗೆ ಕೂತಿರುತ್ತಿದ್ದಳು. ಹೀಗೆ ಒಂಬತ್ತು ವರ್ಷ.

ಈಗ ನಿಜ ಹೇಳಲು ಹೆದರಿಕೆ. ಪಡೀಲಿನ ಝೆರಾಕ್ಸ್ ಅಂಗಡಿಯ ಕ್ಯಾಲ್ವಿನ್ ಮೊದಲೇ ಹೇಳಿದ್ದ: "ಸತ್ತದ್ದು ಅಂತ ಹೇಳಿದ್ರೆ ಸರ್ಟಿಫಿಕೇಟ್ ಕೇಳ್ತಾರೆ ದೇಯಿಯಕ್ಕ. ಇಷ್ಟು ವರ್ಷ ಆದ್ಮೇಲೆ ಅದಕ್ಕೆ ಕೋರ್ಟು ಕಚೇರಿ ಅಂತ ತಿರುಗಬೇಕು. ಮತ್ತೆ ಅವಳ ಹೆಸರಲ್ಲಿ ತಂದ ಅಕ್ಕಿಗೆ ದಂಡ ಹಾಕಿದ್ರೆ ಎಂತ ಮಾಡ್ತೀರಿ?"

"ಅವಳು ಇಲ್ಲಿಗೆ ಬರುವ ಹಾಗಿಲ್ಲ ಅಮ್ಮ," ಎಂದಳು ದೇಯಿ.

"ಯಾಕ್ರಿ? ಇಪ್ಪತ್ತು ವರ್ಷ ಅಂತ ತೋರಿಸ್ತದ. ಲಗ್ನ ಆತೇನು?"

ಲಗ್ನ ಆಗಿತ್ತು. ಕಳೆದ ಆದಿತ್ಯವಾರವೇ ಆಗಿತ್ತು. ಮದುವೆಯಾಗದೆ ಸತ್ತ ಮಕ್ಕಳಿಗೆ, ಇದ್ದಿದ್ದರೆ ಈಗ ಪ್ರಾಯ ಬರುತ್ತಿತ್ತು ಎನ್ನುವಾಗ, ಅಂಥದೇ ದುಃಖದ ಇನ್ನೊಂದು ಮನೆ ಹುಡುಕಿ ಮದುವೆ ಮಾಡಿಸುವುದು ತುಳುವರಲ್ಲಿ ಉಂಟು. ತೊಕ್ಕೊಟ್ಟಿನ ಮುಖೇಶ್ ಬೈಕ್ ಬಿದ್ದು ಹೋದವನು. ಎರಡು ಕುರ್ಚಿ ಇಟ್ಟು, ಒಂದರಲ್ಲಿ ಪಂಚೆ ಶಾಲು, ಇನ್ನೊಂದರಲ್ಲಿ ಕೆಂಪು ಸೀರೆ, ಕರಿಮಣಿ. ಇಪ್ಪತ್ತೈದು ಜನಕ್ಕೆ ಕೋಳಿ ಊಟ, ಖರ್ಚು ಗಂಡಿನವರದ್ದೇ. ಸಂಜೆ ಸೀರೆಯ ಗಂಟು ಕಟ್ಟಿಕೊಂಡು ಸೊಸೆಯನ್ನು ತೊಕ್ಕೊಟ್ಟಿಗೆ ಕರೆದುಕೊಂಡು ಹೋದರು. ಮದುವೆ ಎಂದರೆ ಮದುವೆಯೇ, ತಮಾಷೆ ಅಲ್ಲ.

"ಹೌದು. ಮೊನ್ನೆ ಆದಿತ್ಯವಾರ ಆಯಿತು."

"ಆಷಾಢದಾಗ?"

"ಇಂಥ ಮದುವೆ ನಮ್ಮಲ್ಲಿ ಆಟಿ ತಿಂಗಳಲ್ಲೇ ಮಾಡುವುದು."

ಹುಡುಗಿ ಗದಗದ ಕಡೆಯಿಂದ ಬಂದು ಮೂರು ತಿಂಗಳಾಗಿತ್ತಷ್ಟೆ. ಪಾಪ, ಅವಳಿಗೆ ಇದೆಲ್ಲ ಹೇಗೆ ಗೊತ್ತಾಗಬೇಕು? "ಮೊದಲ ಹೇಳಬಾರದೇನ್ರಿ! ಲಗ್ನ ಆದೋರ ಹೆಸರು ತೆಗಿಯೋದು ಎರಡು ನಿಮಿಷದ ಕೆಲಸ. ಯಜಮಾನಿ ಬೆರಳು ಸಾಕು," ಎಂದು ಖುಷಿಯಿಂದ ಟೈಪು ಮಾಡತೊಡಗಿದಳು. "ಅಳಿಯ ಏನು ಮಾಡ್ತಾನ್ರಿ?"

"ಈಗ ಎಂತ ಇಲ್ಲ."

"ಕುಡಿಯೋದು ಗಿಡಿಯೋದು?"

"ಅದೆಲ್ಲ ಇಲ್ಲ. ಪಾಪದವ."

ಹೇಳಿದ್ದರಲ್ಲಿ ಒಂದು ಸುಳ್ಳೂ ಇರಲಿಲ್ಲ. ದೇಯಿ ಮೆಷಿನಿಗೆ ಬೆರಳು ಒತ್ತಿದಳು. ಮೂವತ್ತು ವರ್ಷ ಬೀಡಿ ಕಟ್ಟಿದ ಹೆಬ್ಬೆರಳು, ಗೆರೆಯೆಲ್ಲ ಸವೆದಿತ್ತು. ಮೆಷಿನ್ ಒಮ್ಮೆ ಬೇಡ ಎಂದಿತು, ಎರಡನೇ ಸಲವೂ ಬೇಡ ಎಂದಿತು. ಮೂರನೇ ಸಲವೂ ತಪ್ಪಿ ಹೋಗಲಿ ಎಂದು ದೇಯಿಗೆ ಅನ್ನಿಸಿತು. ಹಾಳಾಗಿ ಹೋಗಲಿ ಹಣ, ಕಣ್ಣು ಬೇಕಾದರೂ ಹೋಗಲಿ, ಹೆಸರು ಕಾರ್ಡಿನಲ್ಲೇ ಇರಲಿ. ಅಷ್ಟರಲ್ಲಿ ಹುಡುಗಿ ಅವಳ ಬೆರಳನ್ನು ತನ್ನ ಕರವಸ್ತ್ರದಿಂದ ಒರೆಸಿ, ತಾನೇ ಹಿಡಿದು ಒತ್ತಿದಳು. ಹಸಿರು ದೀಪ ಬಂತು.

"ಆತು ನೋಡ್ರಿ," ಎಂದು ಚೀಟಿ ಓದಿ ಹೇಳಿದಳು. "ಯಶ್ಮಿತಾ, ಮದುವೆಯಾಗಿ ಹೋಗಿದ್ದಾರೆ. ಉಳಿದ ಸದಸ್ಯರು ಇಬ್ಬರು. ಬರೋ ತಿಂಗಳಿಂದ ರೊಕ್ಕ ಬರ್ತದ. ಅಕ್ಕಿ ಮಾತ್ರ ಐದು ಕಿಲೋ ಕಡಿಮಿ."

ಮನೆ ತುಂಬ ಜನ ಇದ್ದಾರೆಂದು ಆದಿತ್ಯವಾರ ತಡೆದಿಟ್ಟಿದ್ದ ಅಳು ದೇಯಿಗೆ ಈಗ ಕೌಂಟರಿನ ಎದುರೇ ಒತ್ತರಿಸಿ ಬಂತು.

"ಅಯ್ಯ, ಅಳಬ್ಯಾಡ್ರಿ ಯವ್ವಾ," ಹುಡುಗಿ ಎದ್ದು ನಿಂತು ಅವಳ ಕೈ ಹಿಡಿದಳು. "ಮುಂದಿನ ವಾರ ಪಂಚಮಿ ಅಲ್ಲೇನು? ನಮ್ಮವ್ವನೂ ನನ್ನ ಹಾದಿ ಕಾಯ್ತಿರ್ತಾಳ. ಮಗಳನ್ನ ಮನಿಗೆ ಕರಸ್ರಿ, ನಿಮ್ಮ ಕೈಯಾರ ಬಡಿಸಿ ಉಣಸಿ ಕಳಸ್ರಿ."

ದೇಯಿ ಸೆರಗಿನಿಂದ ಮೂಗು ಒರೆಸಿಕೊಂಡಳು.

"ಇಲ್ಲ ಮಗಾ. ಇಷ್ಟು ವರ್ಷ ನಾನೇ ಬಡಿಸಿದೆ. ಇನ್ನು ಅವಳ ಎಲೆ ತೊಕ್ಕೊಟ್ಟಿನಲ್ಲಿ."