ಖಾಲಿ ಚೀಟಿ

ತನ್ನ ಇಬ್ಬರು ಪೈಲ್ವಾನರಲ್ಲಿ ಒಬ್ಬ ಇವತ್ತು ಏನೋ ಮಸಲತ್ತು ಮಾಡಿಕೊಂಡೇ ಬಂದಿದ್ದಾನೆ ಎಂಬ ಅನುಮಾನ ಜಂಬಣ್ಣನಿಗೆ ಬೆಳಿಗ್ಗೆಯೇ ಹತ್ತಿತ್ತು. ಯಾರು ಎನ್ನುವುದೊಂದೇ ತಿಳಿಯುತ್ತಿರಲಿಲ್ಲ.

ಕೂಡ್ಲಿಗಿಯ ಮೈದಾನದಲ್ಲಿ ಹಗ್ಗ ಬಿಗಿದ ಕಣ ಸಿದ್ಧವಾಗಿತ್ತು. ಪರದೆಯ ಹಿಂದೆ ಭೀಮೇಶ್ ಹೆಗಲಿಗೂ ತೋಳಿಗೂ ಕೆಮ್ಮಣ್ಣು ತಿಕ್ಕಿಕೊಳ್ಳುತ್ತಿದ್ದ.

"ಇಷ್ಟ್ಯಾಕಲೇ ಮಣ್ಣು?" ಎಂದ ಜಂಬಣ್ಣ.

"ಹಿಡಿತ ಜಾರಬಾರ್ದಲ್ರೀ, ಅಣ್ಣಾರ."

ಇನ್ನೊಂದು ಮೂಲೆಯಲ್ಲಿ ತಿಪ್ಪೇಶ ಕುಳಿತಿದ್ದ. ಕೂತಲ್ಲೇ ಹನ್ನೆರಡು ಇಡ್ಲಿ ಮುಗಿಸುವ ಆಳು, ಇವತ್ತು ಬರೀ ನೀರು ಕುಡಿದಿದ್ದ. "ಮೈ ಹಗುರ ಇದ್ರ ಚಲೋ ಅಲ್ರೀ" ಎಂದು ನೆಲ ನೋಡಿದ.

ಹನ್ನೆರಡು ವರ್ಷಗಳಿಂದ ಜಂಬಣ್ಣನ ಕುಸ್ತಿ ಕಂಪನಿಗೆ ಇವರಿಬ್ಬರೇ ಎರಡು ಕಣ್ಣು. ಆದರೆ ಒಮ್ಮೆಯೂ ನಿಜವಾಗಿ ಸೆಣಸಿದವರಲ್ಲ. ಆಟದ ದಿನ ಜಂಬಣ್ಣ ಚಹಾದ ಲೋಟದ ಕೆಳಗೆ ಒಂದು ಚೀಟಿ ಇಡುತ್ತಿದ್ದ. ಚೀಟಿಯಲ್ಲಿ ಹೆಸರಿದ್ದವನು ಗೆಲ್ಲುತ್ತಿದ್ದ, ಇನ್ನೊಬ್ಬ ಚೆಂದವಾಗಿ ಬೀಳುತ್ತಿದ್ದ. ಜನಕ್ಕೂ ಅದು ಗೊತ್ತಿತ್ತು. ಗೊತ್ತಿದ್ದೇ ಶಿಳ್ಳೆ ಹೊಡೆಯುತ್ತಿದ್ದರು.

ಆಮೇಲೆ ಜಂಬಣ್ಣನಿಗೆ ಟಿವಿಯ ಕುಸ್ತಿ ನೋಡುವ ಚಟ ಅಂಟಿತು. ಬರೀ ಕುಸ್ತಿ ಸಪ್ಪೆ ಅನ್ನಿಸಿತು. ಕೊಟ್ಟೂರಿನಲ್ಲಿ ಕೋಳಿ ಜಾಲರಿಯ ಪಂಜರ ಕಟ್ಟಿ ಅದರೊಳಗೆ ಆಡಿಸಿದ. ಜನ ಹುಚ್ಚೆದ್ದು ಕುಣಿದರು. ಅಲ್ಲಿಂದ ಅವನನ್ನು ಹಿಡಿಯುವವರೇ ಇರಲಿಲ್ಲ. ಹಗರಿಬೊಮ್ಮನಹಳ್ಳಿಯಲ್ಲಿ ಇಬ್ಬರ ಕಣ್ಣೂ ಕಟ್ಟಿ ಬಿಟ್ಟ. ಭೀಮೇಶ್ ರೆಫರಿಯನ್ನೇ ಎತ್ತಿ ಒಗೆದ. ಹಡಗಲಿಯಲ್ಲಿ ಜಂಬಣ್ಣ ಏಣಿ ತಂದ. ಏಣಿ ಮುರಿದು ತಿಪ್ಪೇಶ ಒಂದು ತಿಂಗಳು ಕುಂಟಿದ. ಹರಪನಹಳ್ಳಿಯಲ್ಲಿ ಕಣದ ತುಂಬ ಖಾರದಪುಡಿ. ಮುಂದಿನ ಎರಡು ಸಾಲು ಸೀನುತ್ತಲೇ ಮನೆ ಸೇರಿತು. ಸೋತವನ ಮೀಸೆ ಬೋಳಿಸುವ ಆಟವಂತೂ ಆರು ಸಲ ನಡೆಯಿತು. ಮೈಕಿನಲ್ಲಿ ಹೇಳಿದ್ದನ್ನು ಜಂಬಣ್ಣ ಮಾಡಿಯೇ ತೀರುತ್ತಿದ್ದ. ಬೀಳುವುದು ನಾಟಕ, ಬೋಳಿಸುವುದು ಖರೆ.

ಪಂಜರ ವಾರಕ್ಕೊಮ್ಮೆ ಬಂದಾಗ ಜನ ಆಕಳಿಸತೊಡಗಿದರು. "ದಿನಾ ಸಾಯೋರಿಗೆ ಅಳೋರ್ಯಾರು?" ಎಂದು ಹೊಳಲಿನ ಹಿರಿಯರೊಬ್ಬರು ಆಟದ ಮಧ್ಯೆಯೇ ಎದ್ದು ನಡೆದರು. ಕಳೆದ ಆಟಕ್ಕೆ ಬಂದದ್ದು ನಲವತ್ತೇ ಮಂದಿ. ಇವತ್ತೂ ಕುರ್ಚಿ ಖಾಲಿ ಉಳಿದರೆ ಅಪ್ಪನ ಗರಡಿಯಿಂದ ಬೆಳೆದ ಕಂಪನಿಗೆ ಬೀಗ.

ಅದಕ್ಕೇ ಕೊನೆಯ ಅಸ್ತ್ರ ಬಿಟ್ಟಿದ್ದ. ಪಂಜರವಿಲ್ಲ, ಏಣಿಯಿಲ್ಲ, ಖಾರವಿಲ್ಲ. ಸೋತವನು ಮಾತ್ರ ಈ ಜನ್ಮದಲ್ಲಿ ಮತ್ತೆ ಕಣ ಹತ್ತುವಂತಿಲ್ಲ. ಆಟೋ ಮೇಲಿನ ಮೈಕು ಐದು ತಾಲ್ಲೂಕಿನಲ್ಲೂ ಇದನ್ನೇ ಕೂಗಿತ್ತು.

ಒಬ್ಬನನ್ನು ಕಳೆದುಕೊಳ್ಳುವ ಸಂಕಟ ಅವನಿಗೆ ಇಲ್ಲದಿರಲಿಲ್ಲ. ಸೇರುವ ದಿನ ಇಬ್ಬರೂ ಗರಡಿಯ ಮಣ್ಣು ಮುಟ್ಟಿ, "ಗುರು ಬಿಡು ಅನ್ನೋತನಕ ಕಣ ಬಿಡಂಗಿಲ್ಲ" ಎಂದು ಆಣೆ ಇಟ್ಟಿದ್ದರು. ಆ ಮಣ್ಣಿನ ಆಣೆಯನ್ನು ಈ ಕಡೆ ಯಾರೂ ಮುರಿಯುವುದಿಲ್ಲ. ಮೂಳೆ ಮುರಿದಾಗಲೂ ಇವರು ತುಟಿಪಿಟಕ್ ಎಂದಿರಲಿಲ್ಲ.

ಈಗ ಚೀಟಿಯಲ್ಲಿ ಯಾರ ಹೆಸರು ಬರೆಯುವುದು? ಶುಕ್ರವಾರ ಭೀಮೇಶ್ ಬಂದು ಕಾಲು ಹಿಡಿದ. "ಚೀಟಿ ಬರೆಯೋವಾಗ ನನ್ನ ಕೈ ಬಿಡಬ್ಯಾಡ್ರಿ ಅಣ್ಣಾರ. ಸುಮಂಗಲಾ ಮನ್ಯಾಗ ಒಂದ ಸಮನ ಅಳಾಕತ್ಯಾಳ." ಶನಿವಾರ ತಿಪ್ಪೇಶನ ತಾಯಿ ಮಾರೆಮ್ಮ ಸೆರಗೊಡ್ಡಿ ನಿಂತಳು. "ನನ್ನ ಮಗನ ಮ್ಯಾಲೆ ದಯೆ ಇಡ್ರಿ ಯಪ್ಪಾ. ಕಾಯಿ ಒಡಸ್ತೀನಂತ ಹರಕಿ ಹೊತ್ತೀನಿ."

ಕಣದ ಮೇಲೆ ಇವರಿಗೆ ಇಷ್ಟು ಜೀವವೇ ಎಂದು ಜಂಬಣ್ಣನ ಕಣ್ಣು ಒದ್ದೆಯಾದವು. ಒಬ್ಬನ ಹೆಸರು ಬರೆಯಲು ಕೈಯೇ ಬರಲಿಲ್ಲ. ಇವತ್ತು ಲೋಟದ ಕೆಳಗೆ ಖಾಲಿ ಚೀಟಿ ಇಟ್ಟ.

"ಇವತ್ತ ಖರೇನ ಹಿಡೀರಿ. ದೇವ್ರು ಯಾರಿಗೆ ಕೊಡ್ತಾನೋ ಅವ್ರಿಗೆ ಕೊಡ್ಲಿ."

ಇಬ್ಬರ ಮುಖವೂ ಬಿಳಿಚಿತು. ನಂತರ ಹನ್ನೆರಡು ವರ್ಷದ ಗೆಳೆಯರು ಮೊದಲ ಬಾರಿಗೆ ಒಬ್ಬರನ್ನೊಬ್ಬರು ದುರುಗುಟ್ಟಿ ನೋಡಿದರು.

ಗಂಟೆ ಹೊಡೆಯಿತು. ಮೈದಾನ ತುಂಬಿತ್ತು.

ಅಂಥ ಕುಸ್ತಿಯನ್ನು ಕೂಡ್ಲಿಗಿ ಕಂಡಿರಲಿಲ್ಲ. ಹಲ್ಲು ಕಚ್ಚಿ ನಡು ಹಿಡಿದು ಎಳೆದರು, ಉರುಳಿದರು, ಮಗುಚಿದರು. ಯಾರು ಮೇಲೆ, ಯಾರು ಕೆಳಗೆ ಎಂದು ಜಂಬಣ್ಣ ಮೈಕಿನಲ್ಲಿ ಹೇಳುವಷ್ಟರಲ್ಲಿ ಅದಲುಬದಲು. ರೆಫರಿ ಒಂದು, ಎರಡು ಎಂದು ಎಣಿಸುತ್ತಿದ್ದಂತೆ ಮತ್ತೆ ಮಗುಚುತ್ತಿದ್ದರು. ಜನ ಕುರ್ಚಿಯ ಮೇಲೆ ಹತ್ತಿ ನಿಂತರು. ಜಂಬಣ್ಣ ಮೈಕು ಕೆಳಗಿಟ್ಟು ಮಗುವಿನಂತೆ ಅತ್ತ. ಕುಸ್ತಿ ಎಂದರೆ ಇದು. ಏಣಿ ಪಂಜರಗಳ ಗದ್ದಲದಲ್ಲಿ ತಾನೇ ಮರೆತಿದ್ದೆನಲ್ಲ ಎಂದು ನಾಚಿಕೆಯೂ ಆಯಿತು.

ಇಪ್ಪತ್ಮೂರನೆಯ ನಿಮಿಷಕ್ಕೆ ಭೀಮೇಶನ ಎರಡೂ ಭುಜ ನೆಲಕ್ಕೆ ತಾಗಿದವು. ಮೇಲೆ ತಿಪ್ಪೇಶ. ಒಂದು, ಎರಡು, ಮೂರು. ಎಣಿಕೆ ಮುಗಿದರೂ ಭೀಮೇಶನ ಕೈಗಳು ತಿಪ್ಪೇಶನ ಬೆನ್ನನ್ನು ಬಿಗಿಯಾಗಿ ಹಿಡಿದೇ ಇದ್ದವು. ಪಾಪ, ಕೊನೆಯತನಕ ಸೆಣಸಿದ ಎಂದುಕೊಂಡ ಜಂಬಣ್ಣ.

ಮುಂದಿನ ಸಾಲಿನಲ್ಲಿ ಭೀಮೇಶನ ಹೆಂಡತಿ ಸುಮಂಗಲಾ ಸಿಕ್ಕಸಿಕ್ಕವರ ಕೈಗೆ ಪೇಢೆ ಇಡುತ್ತಿದ್ದಳು. ಮಾರೆಮ್ಮ ತೆಂಗಿನಕಾಯಿಯನ್ನು ಚೀಲಕ್ಕೆ ಹಾಕಿಕೊಂಡು ಮೂಗು ಒರೆಸುತ್ತಿದ್ದಳು. ಗದ್ದಲದಲ್ಲಿ ಇವರಿಗೆ ಗೆದ್ದವರು ಯಾರೆಂದು ತಿಳಿದಿಲ್ಲ ಎಂದು ಮರುಗುತ್ತ, ಸೋತವನನ್ನು ಸಂತೈಸಲು ಜಂಬಣ್ಣ ಪರದೆ ಸರಿಸಿದ.

ಒಳಗೆ ಗೆದ್ದ ತಿಪ್ಪೇಶ ಕೊರಳ ಹಾರದಲ್ಲಿ ಮುಖ ಹುದುಗಿಸಿ ಬಿಕ್ಕುತ್ತಿದ್ದ, ಸೋತ ಭೀಮೇಶ್ ಅವನ ಬೆನ್ನು ಸವರುತ್ತಿದ್ದ: "ಅಳಬ್ಯಾಡಲೇ. ಅಣ್ಣಾರು ಯಾವ ಆಟಾನೂ ಒಂದ ಸಲಕ್ಕ ಬಿಡೋರಲ್ಲ. ಮುಂದಿನ ತಿಂಗಳ ಹರಪನಹಳ್ಳ್ಯಾಗ ಇದನ್ನ ಮತ್ತ ಇಡ್ತಾರ, ಆವಾಗ ನೀನೂ ಸೋಲುವಿಯಂತ."