ಬಾಗಿಲು ತೆರೆಯದ ಆಟ

ಕಾರ್ಖಾನೆಯ ಎರಡನೇ ಮಹಡಿಯ ಬಾಗಿಲಿಗೆ ಹೊರಗಿನಿಂದ ಬೀಗ ಬಿದ್ದಿತ್ತು. ಒಳಗೆ ಚೀಲ ಹೊಲಿಯುತ್ತಿದ್ದ ಹನ್ನೊಂದು ಹೆಂಗಸರು ಬೆಂಕಿಯಲ್ಲಿ ಸತ್ತರು. ವಿಚಾರಣೆಯ ವರದಿಯಲ್ಲಿ ಬೀಗ ಎಂಬ ಪದವೇ ಇಲ್ಲ. ‘ಗಾಬರಿಯಲ್ಲಿ ಬಾಗಿಲು ಕಾಣದೆ’ ಎಂದಿದೆ.

ಆರು ವರ್ಷದ ಮೇಲೆ ಆ ಬೀಗ ಒಂದು ವಿ.ಆರ್. ಆಟದಲ್ಲಿ ಕಾಣಿಸಿಕೊಂಡಿತು. ಕಣ್ಣಿಗೆ ಹೆಡ್‌ಸೆಟ್ ಕಟ್ಟಿಕೊಂಡರೆ ಸಾಕು, ನೀವು ಆ ಮಹಡಿಯಲ್ಲಿ ಹೊಲಿಗೆ ಯಂತ್ರದ ಮುಂದೆ ಕೂತಿರುತ್ತೀರಿ. ಅಕ್ಕಪಕ್ಕದವರು ಮಾತಾಡಿಸುತ್ತಾರೆ, ಕಥೆ ಹೇಳುತ್ತಾರೆ, ನಗುತ್ತಾರೆ. ಆಮೇಲೆ ಹೊಗೆ. ಏನು ಮಾಡಿದರೂ ಬಾಗಿಲು ತೆರೆಯುವುದಿಲ್ಲ.

ತಕರಾರು ಶುರುವಾಗಿದ್ದೇ ಅಲ್ಲಿಂದ.

“ಅಕ್ಕಾ, ಇವತ್ತೂ ನಮಗೆ ಮಂಗಳಾರತಿ,” ಎಂದು ಗುಂಗುರು ಪರದೆಯನ್ನು ಇತ್ತ ತಿರುಗಿಸಿದಳು. ಆಟ ಕಟ್ಟಿದವಳು ಅವಳು. ಕೂದಲು ನೋಡಿ ಕಚೇರಿಯೆಲ್ಲ ಅವಳನ್ನು ಹಾಗೇ ಕರೆಯುತ್ತಿತ್ತು.

ಆಡಿದವರ ಅಭಿಪ್ರಾಯಕ್ಕೆ ಉತ್ತರ ಹೇಳುವುದು ಅಕ್ಕನ ಕೆಲಸ. ಆ ಕಾರ್ಖಾನೆಯಲ್ಲಿ ದುಡಿದವಳೆಂದು ಹುಡುಕಿ ಕರೆತಂದಿದ್ದರು. “ನಾನು ಆ ಮಹಡಿಯವಳು” ಎಂದಷ್ಟೇ ಹೇಳಿದ್ದಳು. ಅವಳ ಬಲಗೈ ಬೆರಳುಗಳ ಸುಟ್ಟ ಕಲೆ ನೋಡಿ ಯಾರೂ ಹೆಚ್ಚಿಗೆ ಕೇಳಲಿಲ್ಲ. ಕೂರಲು ಕಿಟಕಿಯ ಪಕ್ಕದ ಒಳ್ಳೆಯ ಕುರ್ಚಿ ಕೊಟ್ಟರು. ಆಟದ ಮೊದಲಲ್ಲಿ ‘ಒಳಗಿದ್ದವರೊಬ್ಬರು ಕಂಡಂತೆ’ ಎಂದು ಬರೆದರು. ಅವಳು ಅದನ್ನು ಓದಿದಳು. ತಿದ್ದಲಿಲ್ಲ. ಹೆಡ್‌ಸೆಟ್ಟನ್ನು ಮಾತ್ರ ಒಮ್ಮೆಯೂ ಮುಟ್ಟಲಿಲ್ಲ.

ಗುಂಗುರು ಗಟ್ಟಿಯಾಗಿ ಓದತೊಡಗಿದಳು.

“‘ಎರಡು ಗಂಟೆ ಬೆವರು ಸುರಿಸಿ ಕೊನೆಗೆ ಸಾಯೋದಾ? ಒಂದು ಸ್ಟಾರ್. ಅದೂ ಹೊಗೆ ಚೆನ್ನಾಗಿದೆ ಅಂತ.’ ಪಾಪ, ಧಾರಾಳಿ. ಮುಂದಿನದು. ‘ಕಥೆಯ ಆಟ ಅಂದ್ರೆ ಆಡೋನ ಕೈಯಲ್ಲಿ ಏನಾದ್ರೂ ಇರಬೇಕು. ಕೀಲಿ ಎಲ್ಲಿ ಬಚ್ಚಿಟ್ಟಿದ್ದೀರಾ ಮಾರಾಯ್ರೇ?’ ಇನ್ನೊಬ್ಬ, ‘ನಮ್ಮಮ್ಮನೂ ಹೊಲಿಗೆ ಕೆಲಸದವಳು. ಆಟ ಮುಗಿಸಿದವನೇ ಅವಳಿಗೆ ಫೋನ್ ಮಾಡಿದೆ. ನಿಮ್ಮಲ್ಲಿ ಬಾಗಿಲಿಗೆ ಬೀಗ ಹಾಕ್ತಾರಾ ಅಂತ ಕೇಳಿದೆ.’”

ಆಮೇಲೆ ಕೊನೆಯದನ್ನು ಓದಿದಳು. “‘ಬಾಗಿಲ ಕೆಳಗಿನ ಸಂದಿಯಲ್ಲಿ ಎರಡು ಪಾದದ ನೆರಳು ಕಾಣುತ್ತೆ. ತಪ್ಪಾಗಿ ಬಂದಿದ್ದಾ, ಬೇಕಂತಲೇ ಇಟ್ಟಿದ್ದಾ?’ ಏನಂತ ಬರೀಲಿ ಅಕ್ಕಾ? ಇಡು ಅಂದಿದ್ದು ನೀವು.”

“ಬೇಕಂತಲೇ ಅಂತ ಬರಿ.”

“ಅದು ಆ ಮೇಸ್ತ್ರಿ ತಾನೇ?”

ಪಾಳಿಯ ಕೊನೆಗೆ ಚೀಲ ಎಣಿಸುವುದು ಅಲ್ಲಿನ ವಾಡಿಕೆ. ಎಣಿಕೆ ಮುಗಿಯುವ ತನಕ ಮೇಸ್ತ್ರಿ ಹೊರಗಿನಿಂದ ಬೀಗ ಹಾಕಬೇಕು. ಒಂದು ಚೀಲವೂ ಸೆರಗಿನ ಮರೆಯಲ್ಲಿ ಆಚೆ ಹೋಗಬಾರದು. ಹೆಂಗಸರು ಹೋಗದಿದ್ದರೂ ಚಿಂತೆಯಿಲ್ಲ.

“ಹೂಂ,” ಎಂದಳು ಅಕ್ಕ.

“ಹಾಳಾದವನು ಬದುಕಿದಾನಾ?”

“ಬದುಕಿದೆ. ಮೂರು ಹೊತ್ತು ಉಣ್ತಿದೆ.”

“ಕಣ್ಣಿಗೆ ಬಿದ್ರೆ ಏನ್ ಮಾಡ್ತೀರಿ?”

“ದಿನಾ ಬೀಳುತ್ತೆ. ಇಷ್ಟು ವರ್ಷ ಏನೂ ಮಾಡಕ್ಕಾಗಿಲ್ಲ.”

ಗುಂಗುರು ಅವಳ ಕೈ ಹಿಡಿದುಕೊಂಡಳು. ಅಕ್ಕ ಕೈ ಬಿಡಿಸಿಕೊಂಡಳು.

ಆಟ ಕಟ್ಟುವಾಗಲೂ ಹೀಗೇ ಆಗಿತ್ತು. ಕೂಗು ಮಂದವಾಗಿರಬೇಕೆಂದು ಅಕ್ಕ ಹಠ ಹಿಡಿದಿದ್ದಳು. “ಗೋಡೆಯಾಚೆ ಕೇಳಿದ ಹಾಗಿದೆಯಲ್ಲ ಅಕ್ಕಾ? ಆಡೋರು ಒಳಗಿರ್ತಾರೆ,” ಎಂದಿದ್ದಳು ಗುಂಗುರು. “ನನಗೆ ಹಾಗೇ ಕೇಳಿದ್ದು,” ಎಂದಿದ್ದಳು ಅಕ್ಕ. ಹೊಗೆಗೆ ಕಿವಿ ಮಂಕಾಗಿರಬೇಕೆಂದುಕೊಂಡು ಗುಂಗುರು ಕೂಗನ್ನು ತಗ್ಗಿಸಿದ್ದಳು.

ಮಧ್ಯಾಹ್ನ ಕಂಪನಿಯ ಯಜಮಾನರು ಇಬ್ಬರನ್ನೂ ದನಿ ಮುದ್ರಿಸುವ ಕೋಣೆಗೆ ಕರೆದರು. ಮೇಜಿನ ಮೇಲೆ ಮೈಕು, ಒಂದು ಚೀಟಿ.

“ಬನ್ನಿ ಅಕ್ಕಾ. ಜನ ಒಂದೇ ಸಮ ಕೀಲಿ ಕೇಳ್ತಿದಾರೆ. ಕೊಟ್ಬಿಡೋಣ. ಬಟ್ಟೆ ಕತ್ತರಿಸೋ ಮೇಜಿನ ಡ್ರಾಯರಲ್ಲಿ ಇಡ್ತೀವಿ. ಸಿಕ್ಕಿದವನು ಬದುಕ್ತಾನೆ, ಐದು ಸ್ಟಾರ್ ಕೊಡ್ತಾನೆ. ಸಿಗದವನು ಮತ್ತೆ ಆಡ್ತಾನೆ.”

“ಸಾರ್, ಕೀಲಿ ಒಳಗೇ ಇತ್ತು ಅಂದ್ರೆ ತಪ್ಪು ಸತ್ತವರದೇ ಅಂತಾಗುತ್ತೆ,” ಎಂದಳು ಗುಂಗುರು. “ವರದಿಗೂ ನಮಗೂ ಏನ್ ವ್ಯತ್ಯಾಸ?”

“ಅಮ್ಮಾ ತಾಯಿ, ಇದು ಆಟ. ಕೋರ್ಟಲ್ಲ.” ಯಜಮಾನರು ಚೀಟಿಯನ್ನು ಅಕ್ಕನತ್ತ ಸರಿಸಿದರು. “ಎರಡೇ ಎರಡು ಮಾತು. ಬೇರೆಯವರ ಬಾಯಲ್ಲಿ ಹೇಳಿಸಿದ್ರೆ ಜನ ನಂಬಲ್ಲ. ನೀವು ಒಳಗಿದ್ದವರು, ನಿಮ್ಮ ದನಿಗೆ ತೂಕ ಇದೆ.”

ಅಕ್ಕ ಓದಿದಳು. ‘ಕೀಲಿ ಒಳಗೇ ಇತ್ತು. ಗಾಬರಿಯಲ್ಲಿ ನಮಗೆ ಕಾಣಲಿಲ್ಲ.’

ಹನ್ನೊಂದು ಜನ ಹುಡುಕದೆ ಸತ್ತರು ಎಂದು ಅವಳ ಬಾಯಿಂದಲೇ ಬರಬೇಕು. ಒಲ್ಲೆ ಎಂದರೆ ಕಾರಣ ಹೇಳಬೇಕು. ಹೇಳಿದ ಮೇಲೆ ಈ ಕೋಣೆಯಲ್ಲಿ ಅವಳನ್ನು ಅಕ್ಕ ಎನ್ನುವವರು ಇರುವುದಿಲ್ಲ. ಗುಂಗುರು ಅವಳ ಬೆನ್ನ ಮೇಲೆ ಕೈಯಿಟ್ಟು, “ನಿಮಗೆ ಹೆದರಿಕೆ ಆದ್ರೆ ಬೇಡ ಅಕ್ಕಾ,” ಎಂದಳು. ಆ ಕೈ ಕೆಂಡದ ಹಾಗಿತ್ತು, ಅವತ್ತು ಕೊನೆಗೆ ಮುಟ್ಟಿದ ಬೀಗದ ಹಾಗೆ.

ಮೈಕಿನ ಕೆಂಪು ದೀಪ ಹತ್ತಿತು. “ಹೂಂ, ಹೇಳಿ,” ಎಂದರು ಯಜಮಾನರು.

“ಹೇಳಲ್ಲ ಸಾರ್. ಕೀಲಿ ನನ್ನ ಕೈಯಲ್ಲಿತ್ತು. ಹೊಗೆ ಬರ್ತಿದೆ, ತೆಗೀಲಾ ಅಂತ ಕಾರ್ಖಾನೆ ಧಣಿಗೆ ಫೋನ್ ಮಾಡಿದೆ, ಎಣಿಕೆ ಮುಗೀಲಿ ಅಂದರು, ನಾನು ಬಾಗಿಲ ಆಚೆ ನಿಂತು ಅವರು ಹೇಳಿದ ಮಾತು ಕೇಳಿದೆ. ಇನ್ನು ಕೇಳಲ್ಲ.”