ಮೊಣಕೈ ಎತ್ತರ

“ಅಕ್ಕಾ, ನಂಗೆ ಇದು ಸರಿಹೋಗುತ್ತಾ?” ಅಂಗಡಿಯಲ್ಲಿ ಮರ ಕಡೆಯುವ ಲೇತಿನ ಮುಂದೆ ನಿಂತು ತಂಗಿ ಕೇಳಿದಳು. ಮರ ತಿರುಗುವ ಜಾಗ ಮೊಣಕೈ ಮಟ್ಟಕ್ಕಿರಬೇಕು, ಎತ್ತರವಾದರೆ ಹೆಗಲು ಸೋತುಹೋಗುತ್ತದೆ. ಇದು ತಂಗಿಯ ಎದೆಯವರೆಗೆ ಬಂದಿತ್ತು.

ಅಕ್ಕನಿಗೆ ಅದು ಕಾಣದೆ ಇರಲಿಲ್ಲ. ಈ ಹವ್ಯಾಸ ಮೊದಲು ಹತ್ತಿಸಿಕೊಂಡವಳು ಅವಳು. ತಂಗಿಯನ್ನು ತರಗತಿಗೆ ಕರೆದೊಯ್ದವಳೂ ಅವಳೇ. ಈಗ ಮೇಷ್ಟ್ರು ಎಲ್ಲರಿಗೂ ಎತ್ತಿ ತೋರಿಸುವುದು ತಂಗಿಯ ಬಟ್ಟಲನ್ನು. ಅಕ್ಕ ಕಡೆದ ಬಟ್ಟಲು ತರಗತಿಯ ಕಿಟಕಿಯ ಮೇಲೆ ಮೊಳೆ ತುಂಬಿಕೊಂಡು ಕೂತಿತ್ತು.

“ನಿನ್ನ ಅಳತೆ ತಗೊಂಡೇ ಮಾಡಿದ ಹಾಗಿದೆ ಕಣೇ,” ಎಂದಳು ಅಕ್ಕ. ಸುಳ್ಳು ಬೆಣ್ಣೆಯಲ್ಲಿ ಕೂದಲು ತೆಗೆದಷ್ಟು ಸಲೀಸಾಗಿ ಬಂತು.

“ಎತ್ತರ ಆಯ್ತಲ್ವಾ ಅಮ್ಮ?” ಅಂಗಡಿಯವನು ರಾಗ ಎಳೆದ. “ಪಕ್ಕದ್ದು ತಗ್ಗಿದೆ ನೋಡಿ.”

“ನೀವು ಸುಮ್ನಿರಿ. ನಂಗೆ ಉಳಿ ಹಿಡಿಯೋದು ಹೇಳ್ಕೊಟ್ಟವಳೇ ನಮ್ಮಕ್ಕ. ಅವಳಿಗೆ ಗೊತ್ತಿರೋವಷ್ಟು ನಮ್ಮ ಮೇಷ್ಟ್ರಿಗೂ ಗೊತ್ತಿಲ್ಲ.”

ಇಷ್ಟು ದಿನ ಅಕ್ಕ ಹೊಟ್ಟೆ ಉರಿದುಕೊಂಡದ್ದು ಈ ಒಂದು ಮಾತು ತನಗೆ ಸಿಗಲಿಲ್ಲವೆಂದೇ. ಅದು ಸಿಕ್ಕಿತು, ಪರರ ಎದುರಿಗೇ ಸಿಕ್ಕಿತು. ತಂಗಿ ಆಗಲೇ ಪರ್ಸಿನ ಜಿಪ್ಪು ಎಳೆಯುತ್ತಿದ್ದಳು.

“ನಂಗೆ ಗೊತ್ತಾಗ್ಲಿಲ್ಲ ಕಣೇ,” ಎಂದಳು ಅಕ್ಕ. “ಅವರು ಹೇಳಿದ್ದೇ ಸರಿ. ತಗ್ಗಿನದ್ದು ತಗೋ.”